ದುಬೈಗೆ ಹೊರಟವರು, ಊರಿನ ರಾಜಕೀಯ ಮತ್ತು ಕೈಯಲ್ಲಿರುವ ಫೋನು

ಮುಂದಿನ ತಿಂಗಳು ಕೆಲಸಕ್ಕೆ ದುಬೈಗೆ ಬರುತ್ತಿದ್ದೇನೆ, ಊರಿನ ರಾಜಕೀಯ, ಧರ್ಮ, ಕ್ರಿಕೆಟ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆಯುವ ಅಭ್ಯಾಸವಿದೆ, ಬಂದ ಮೇಲೂ ಬರೆಯಬಹುದೇ ಎಂದು ಕೇಳಿದ್ದೀರಿ. ಅಲ್ಲಿಯ ದೊರೆಗಳ ಸುದ್ದಿಗೆ ಹೋಗದಿದ್ದರೆ ಸಾಕಲ್ಲವೇ ಎಂದೂ ಸೇರಿಸಿದ್ದೀರಿ. ಸಾಕಾಗುವುದಿಲ್ಲ. ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

2024ರ ಜುಲೈನಲ್ಲಿ ಯುಎಇಯಲ್ಲಿದ್ದ (ದುಬೈ, ಅಬುಧಾಬಿ ಎಲ್ಲ ಸೇರಿದ ದೇಶ) ಬಾಂಗ್ಲಾದೇಶದ ಕೆಲಸಗಾರರು ತಮ್ಮ ದೇಶದ ಸರ್ಕಾರದ ವಿರುದ್ಧ ಬೀದಿಗಿಳಿದರು. ಅವರ ಸಿಟ್ಟು ಢಾಕಾದ ಮೇಲೆ, ಅಬುಧಾಬಿಯ ಮೇಲಲ್ಲ. ಕೆಲವೇ ದಿನಗಳಲ್ಲಿ 57 ಮಂದಿಗೆ ಶಿಕ್ಷೆಯಾಯಿತು: 3 ಜನರಿಗೆ ಜೀವಾವಧಿ, 53 ಜನರಿಗೆ 10 ವರ್ಷ, ಒಬ್ಬರಿಗೆ 11 ವರ್ಷ. ಸೆಪ್ಟೆಂಬರ್‌ನಲ್ಲಿ ಯುಎಇ ಅಧ್ಯಕ್ಷರು ಕ್ಷಮಾದಾನ ಕೊಟ್ಟಿದ್ದರಿಂದ ಬಿಡುಗಡೆಯಾಗಿ ಗಡೀಪಾರಾದರು. ಊರಿನಲ್ಲಿ ಯಾವ ಪಕ್ಷ ಗೆದ್ದರೂ ಸೋತರೂ ಇಲ್ಲಿ ಮೆರವಣಿಗೆ, ಘೋಷಣೆ, ಬಾವುಟ ಹಿಡಿದು ಗುಂಪು ಸೇರುವುದು ಯಾವುದೂ ಕೂಡದು. ಯಾರ ಸರ್ಕಾರದ ವಿರುದ್ಧ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಫೋನಿನ ವಿಷಯಕ್ಕೆ ಬರೋಣ, ಅಪಾಯ ಹೆಚ್ಚಿರುವುದು ಅಲ್ಲಿ. 2021ರ 34ನೇ ಸಂಖ್ಯೆಯ ಸೈಬರ್ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಅದರ 43ನೇ ವಿಧಿ ಆನ್‌ಲೈನ್ ಬೈಗುಳಕ್ಕೆ ಸಂಬಂಧಿಸಿದ್ದು: ಜೈಲು ಅಥವಾ 2.5 ಲಕ್ಷದಿಂದ 5 ಲಕ್ಷ ದಿರ್ಹಂ ದಂಡ, ಇಲ್ಲವೇ ಎರಡೂ. ನಾಲ್ಕು ಜನರ ಮುಂದೆ ಬೈದರೆ ಮಾತ್ರ ತಪ್ಪು ಎಂದುಕೊಳ್ಳಬೇಡಿ. ಒಬ್ಬರಿಗೆ ಕಳಿಸಿದ ವಾಟ್ಸಾಪ್ ಮೆಸೇಜ್, ವಾಯ್ಸ್ ನೋಟ್, ಅಸಭ್ಯ ಇಮೋಜಿ, ಎಲ್ಲಕ್ಕೂ ದೂರು ಬೀಳಬಹುದು. ದೂರು ಕೊಡುವವರು ಅಪರಿಚಿತರಾಗಿರಬೇಕಿಲ್ಲ. ಬೆಡ್ ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಜಾಗ) ಬಾಡಿಗೆ ಬಾಕಿಗೆ ಜಗಳವಾಡಿದ ರೂಮ್‌ಮೇಟ್ ಕೂಡ ಸ್ಕ್ರೀನ್‌ಶಾಟ್ ಹಿಡಿದು ಹೋಗಬಹುದು. ಕನ್ನಡದಲ್ಲೋ ತುಳುವಿನಲ್ಲೋ ಬೈದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯವೂ ಬೇಡ, ನ್ಯಾಯಾಲಯ ಅನುವಾದ ಮಾಡಿಸಿಕೊಳ್ಳುತ್ತದೆ. ಒಪ್ಪಿಗೆಯಿಲ್ಲದೆ ಬೇರೆಯವರ ಫೋಟೋ ತೆಗೆದು ಹಂಚುವುದು, ಅಪಘಾತದಲ್ಲಿ ಗಾಯಗೊಂಡವರ ವಿಡಿಯೋ ಹಾಕುವುದು 44ನೇ ವಿಧಿಗೆ ಬರುತ್ತದೆ. ಸುಳ್ಳು ಸುದ್ದಿ ಹರಡಿದರೆ 52ನೇ ವಿಧಿಯಡಿ ಕನಿಷ್ಠ 1 ವರ್ಷ ಜೈಲು ಮತ್ತು 1 ಲಕ್ಷ ದಿರ್ಹಂ ದಂಡ. ಸಾಂಕ್ರಾಮಿಕ, ತುರ್ತುಸ್ಥಿತಿಯಂಥ ಸಮಯದಲ್ಲಿ ಅದು ಇಮ್ಮಡಿ.

ಧರ್ಮದ ವಿಷಯದಲ್ಲಿ ಪ್ರತ್ಯೇಕ ಕಾನೂನೇ ಇದೆ. 2015ರಲ್ಲಿ ಬಂದದ್ದನ್ನು ತೆಗೆದು 2023ರಲ್ಲಿ ಹೊಸದನ್ನು ತಂದರು. ಧರ್ಮ, ಪಂಥ, ಜನಾಂಗ, ಬಣ್ಣದ ಹೆಸರಿನಲ್ಲಿ ದ್ವೇಷ ಹಬ್ಬಿಸಿದರೆ ಕನಿಷ್ಠ 1 ವರ್ಷ ಜೈಲು, 5 ಲಕ್ಷದಿಂದ 10 ಲಕ್ಷ ದಿರ್ಹಂ ದಂಡ. ಇದು ಇಸ್ಲಾಮನ್ನು ಮಾತ್ರ ಕಾಯುವ ಕಾನೂನಲ್ಲ. ಹಿಂದೂ ದೇವರನ್ನೋ ಕ್ರೈಸ್ತ ನಂಬಿಕೆಯನ್ನೋ ಹೀನಾಯ ಮಾಡಿದವರೂ ಸಿಕ್ಕಿಬೀಳುತ್ತಾರೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ನೆಪದಲ್ಲಿ ಮುಸ್ಲಿಮರನ್ನು ಹೀಯಾಳಿಸಿ ಬರೆದ ಹಲವು ಭಾರತೀಯರು ಇಲ್ಲಿ ಕೆಲಸ ಕಳೆದುಕೊಂಡರು. ಆಗ ಭಾರತದ ರಾಯಭಾರಿಯಾಗಿದ್ದ ಪವನ್ ಕಪೂರ್ ಅವರೇ ಎಚ್ಚರಿಕೆ ಕೊಡಬೇಕಾಯಿತು. ಎಷ್ಟೋ ಸಲ ಪೊಲೀಸರಿಗಿಂತ ಮೊದಲು ಕಂಪನಿಯೇ ಕ್ರಮ ಕೈಗೊಳ್ಳುತ್ತದೆ: ಪ್ರೊಫೈಲ್‌ನಲ್ಲಿ ಕಂಪನಿಯ ಹೆಸರು ಇರುತ್ತದೆ, ಯಾರೋ ಆ ಪೋಸ್ಟಿಗೆ ಕಂಪನಿಯನ್ನು ಟ್ಯಾಗ್ ಮಾಡುತ್ತಾರೆ, ಎಚ್‌ಆರ್ ಕರೆಯುತ್ತದೆ. ವೀಸಾ ಕೆಲಸಕ್ಕೆ ಅಂಟಿಕೊಂಡಿರುವುದರಿಂದ ಕೆಲಸ ಹೋಯಿತೆಂದರೆ ಇಲ್ಲಿಯ ವಾಸದ ಗಡಿಯಾರವೂ ಓಡತೊಡಗುತ್ತದೆ.

ಆದ್ದರಿಂದ ವಿಮಾನ ಹತ್ತುವ ಮೊದಲೇ ಅರ್ಧ ದಿನ ಫೋನಿಗೆ ಕೊಡಿ. ಪಕ್ಷದ ಗುಂಪು, ಸಂಘಟನೆಯ ಗುಂಪುಗಳಿಂದ ಹೊರಬನ್ನಿ. ಎಲ್ಲಿಯಾದರೂ ಅಡ್ಮಿನ್ ಆಗಿದ್ದರೆ ಆ ಸ್ಥಾನವನ್ನು ಬೇರೆಯವರಿಗೆ ಕೊಟ್ಟು ಹೊರಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಗ್ರೂಪ್ಸ್‌ಗೆ ಹೋಗಿ ನಿಮ್ಮನ್ನು ಗುಂಪಿಗೆ ಸೇರಿಸುವ ಅವಕಾಶ ನಿಮ್ಮ ಕಾಂಟ್ಯಾಕ್ಟ್‌ಗಳಿಗೆ ಮಾತ್ರ ಇರುವಂತೆ ಮಾಡಿ. ಸ್ಟೋರೇಜ್ ಅಂಡ್ ಡೇಟಾದಲ್ಲಿ ಆಟೋ ಡೌನ್‌ಲೋಡ್ ನಿಲ್ಲಿಸಿ. ಇಲ್ಲದಿದ್ದರೆ ಊರಿನ ಗಲಾಟೆಯ ವಿಡಿಯೋಗಳೆಲ್ಲ ನಿಮಗೆ ಗೊತ್ತಿಲ್ಲದೆ ಗ್ಯಾಲರಿಯಲ್ಲಿ ಕೂತಿರುತ್ತವೆ. ಫೇಸ್‌ಬುಕ್‌ನಲ್ಲಿ ಹಳೆಯ ಪೋಸ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಸ್ನೇಹಿತರಿಗಷ್ಟೇ ಸೀಮಿತಗೊಳಿಸುವ ಆಯ್ಕೆಯಿದೆ, ಬಳಸಿ. ಆದರೆ ಸ್ನೇಹಿತರಲ್ಲೂ ಸ್ಕ್ರೀನ್‌ಶಾಟ್ ತೆಗೆಯುವವರಿರುತ್ತಾರೆ. ಚುನಾವಣೆಯ ಸಮಯದಲ್ಲಿ ಬಿಸಿ ಏರಿ ಬರೆದದ್ದು ಇದ್ದರೆ ಅಳಿಸಿಯೇ ಬನ್ನಿ. ವಿಪಿಎನ್ (ಇಂಟರ್ನೆಟ್‌ನಲ್ಲಿ ನಾವಿರುವ ಜಾಗ ಮರೆಮಾಡುವ ಆ್ಯಪ್) ಹಾಕಿಕೊಂಡು ಬರೆಯುತ್ತೇನೆ ಎಂಬ ಯೋಚನೆ ಬಿಡಿ. ಅಪರಾಧ ಮಾಡಲು ಅಥವಾ ಮುಚ್ಚಿಡಲು ವಿಪಿಎನ್ ಬಳಸಿದರೆ ಅದಕ್ಕೇ 5 ಲಕ್ಷದಿಂದ 20 ಲಕ್ಷ ದಿರ್ಹಂ ದಂಡವಿದೆ.

ಕ್ರಿಕೆಟ್ ಬಗ್ಗೆ ಧಾರಾಳವಾಗಿ ಮಾತಾಡಿ. ಆಟಗಾರನ ಆಯ್ಕೆ, ಪಿಚ್, ನಾಯಕತ್ವ, ಏನು ಬೇಕಾದರೂ. ಆದರೆ ಭಾರತ–ಪಾಕಿಸ್ತಾನ ಪಂದ್ಯದ ದಿನ ನಿಮ್ಮ ಪಕ್ಕದ ಮೇಜಿನವರು, ಟ್ಯಾಕ್ಸಿ ಓಡಿಸುವವರು, ಕೆಲಸಗಾರರ ಕ್ಯಾಂಪಿನಲ್ಲಿ ಮೇಲಿನ ಮಂಚದವರು ಪಾಕಿಸ್ತಾನದವರಾಗಿರಬಹುದು. ಆಟ ಬಿಟ್ಟು ದೇಶ, ಧರ್ಮಕ್ಕೆ ಮಾತು ಜಾರಿದರೆ ಮೇಲಿನ ಕಾನೂನುಗಳೇ ಅನ್ವಯ. 2025ರ ಏಷ್ಯಾ ಕಪ್ ವೇಳೆ ದುಬೈ ಪೊಲೀಸರು ಸ್ಪಷ್ಟವಾಗಿ ಹೇಳಿದ್ದರು: ಮೈದಾನಕ್ಕೆ ನುಗ್ಗಿದರೆ, ಪಟಾಕಿಯಂಥ ನಿಷೇಧಿತ ವಸ್ತು ತಂದರೆ 1ರಿಂದ 3 ತಿಂಗಳು ಜೈಲು, 5,000ದಿಂದ 30,000 ದಿರ್ಹಂ ದಂಡ. ವಸ್ತು ಎಸೆದರೆ, ಜನಾಂಗೀಯ ನಿಂದನೆ ಮಾಡಿದರೆ ಜೈಲಿನ ಜೊತೆಗೆ 10,000ದಿಂದ 30,000.

ಇನ್ನೊಂದು ವಿಷಯ ಕರಾವಳಿಯವರಿಗೆ ಮುಖ್ಯ. ಊರಿನ ದೇವಸ್ಥಾನದ ಬ್ರಹ್ಮಕಲಶ, ಮಸೀದಿಯ ದುರಸ್ತಿ, ಯಾರದೋ ಆಪರೇಷನ್ ಎಂದು ಗುಂಪಿನಲ್ಲಿ ಖಾತೆ ಸಂಖ್ಯೆ ಹಾಕಿ ದುಡ್ಡು ಕೇಳಬೇಡಿ, ಬಂದದ್ದನ್ನು ಫಾರ್ವರ್ಡ್ ಕೂಡ ಮಾಡಬೇಡಿ. 2021ರ 3ನೇ ಸಂಖ್ಯೆಯ ಕಾನೂನಿನ ಪ್ರಕಾರ ಪರವಾನಗಿ ಇರುವ ಸಂಸ್ಥೆಗಳು ಮಾತ್ರ ದೇಣಿಗೆ ಎತ್ತಬಹುದು. ಉದ್ದೇಶ ಎಷ್ಟು ಒಳ್ಳೆಯದಾದರೂ ವಿನಾಯಿತಿ ಇಲ್ಲ. ನಿಮ್ಮ ದುಡ್ಡನ್ನು ನಿಮ್ಮದೇ ಊರಿನ ಖಾತೆಗೆ ಕಳಿಸಿ, ಅಲ್ಲಿಂದ ಕೊಡಿ.

ಪೂಜೆ, ಪ್ರಾರ್ಥನೆಗೆ ಕೊರತೆಯಿಲ್ಲ. ಜಬಲ್ ಅಲಿಯಲ್ಲಿ 2022ರ ಅಕ್ಟೋಬರ್‌ನಿಂದ ದೊಡ್ಡ ದೇವಸ್ಥಾನವಿದೆ, ಪಕ್ಕದಲ್ಲೇ ಗುರುದ್ವಾರ, ಚರ್ಚುಗಳು. ಅಬುಧಾಬಿಯ ದೇವಸ್ಥಾನ 2024ರ ಫೆಬ್ರುವರಿ 14ರಂದು ಉದ್ಘಾಟನೆಯಾಯಿತು. ಬೇರೆಯವರನ್ನು ನಿಮ್ಮ ಧರ್ಮಕ್ಕೆ ಕರೆಯುವುದು, ಕರಪತ್ರ ಹಂಚುವುದು ಮಾತ್ರ ಬೇಡ.

ಹಾಗಾದರೆ ರಾಜಕೀಯ ಅಭಿಪ್ರಾಯ ನುಂಗಿಕೊಂಡೇ ಇರಬೇಕೇ? ಇಲ್ಲ, ಅದಕ್ಕೆ ಮತದಾನವಿದೆ, ಅದನ್ನು ದಯವಿಟ್ಟು ಬಿಡಬೇಡಿ. ಫಾರ್ಮ್ 6ಎ ತುಂಬಿ ಸಾಗರೋತ್ತರ ಮತದಾರರಾಗಿ ನೋಂದಾಯಿಸಿ. ಚುನಾವಣಾ ಆಯೋಗದ ಪೋರ್ಟಲ್‌ನಲ್ಲೇ ಆಗುತ್ತದೆ, ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರುತ್ತದೆ. ಅಂಚೆ ಮತ ಇಲ್ಲ. ಮತಗಟ್ಟೆಗೆ ಖುದ್ದಾಗಿ ಹೋಗಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ವಾರ್ಷಿಕ ರಜೆಯನ್ನು ಚುನಾವಣೆಗೆ ಹೊಂದಿಸಿಕೊಳ್ಳಿ.

ಇಷ್ಟಾಗಿಯೂ ಪೊಲೀಸ್ ಠಾಣೆಯಿಂದ ಕರೆ ಬಂದರೆ ತಪ್ಪಿಸಿಕೊಳ್ಳಬೇಡಿ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ದೂರು ಕೊಟ್ಟವರಿಗೆ ಸಿಟ್ಟಿನ ಮೆಸೇಜ್ ಕಳಿಸಿದರೆ ಎರಡನೇ ಕೇಸಾಗುತ್ತದೆ. ಹೇಳಿಕೆ ಅರಬ್ಬಿಯಲ್ಲಿರುತ್ತದೆ. ಅನುವಾದಕರನ್ನು ಕೇಳಿ, ಅರ್ಥವಾಗುವವರೆಗೆ ಸಹಿ ಹಾಕಬೇಡಿ. ಭಾರತೀಯ ಕಾನ್ಸುಲೇಟಿನ ಉಚಿತ ಸಹಾಯವಾಣಿ 800 46342. ಬಂದಿಳಿದ ದಿನವೇ ಅದನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ರೂಮಿನಲ್ಲಿರುವ ಒಬ್ಬರಿಗಾದರೂ ಕೊಟ್ಟಿರಿ.