ಪೇಪರ್ ಓದ್ತೀನಿ, ತಲೆಗೆ ಹತ್ತಲ್ಲ

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟ್ ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿನ (ಫಾಲ್ ಆರ್ಮಿವರ್ಮ್) ಮೇಲೆ. ಗೈಡ್ ಇಪ್ಪತ್ತು ಸಂಶೋಧನಾ ಪೇಪರ್ ಓದಿಕೊಂಡು ಬಾ ಅಂದಿದ್ದಾರೆ. ಮೊದಲ ಸಾಲಿನಿಂದ ಕೊನೇವರೆಗೂ ಓದ್ತೀನಿ, ಹೈಲೈಟರ್ ಹಾಕ್ತೀನಿ, ಮಾರನೇ ದಿನ ಒಂದೂ ನೆನಪಿರಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಅದಕ್ಕೇ ಹೀಗಾ?

ಉತ್ತರ: ಖಂಡಿತ ಅಲ್ಲ. ನೀವು ಪೇಪರನ್ನು ಕಥೆ ಓದಿದ ಹಾಗೆ ಓದುತ್ತಿದ್ದೀರಿ, ತೊಡಕು ಅಲ್ಲಿದೆ. ಎಸ್. ಕೇಶವ್ ಅನ್ನುವ ಕಂಪ್ಯೂಟರ್ ವಿಜ್ಞಾನಿ 2007ರಲ್ಲಿ ಇದರ ಬಗ್ಗೆ ಎರಡೇ ಪುಟದ ಲೇಖನ ಬರೆದರು. ಒಂದೇ ಪೇಪರನ್ನು ಮೂರು ಸಲ, ಮೂರು ಥರ ಓದಿ ಅನ್ನುತ್ತಾರೆ. ಮೊದಲ ಸಲ 5ರಿಂದ 10 ನಿಮಿಷ ಸಾಕು: ತಲೆಬರಹ, ಸಾರಾಂಶ, ಪೀಠಿಕೆ, ಒಳಗಿನ ಉಪಶೀರ್ಷಿಕೆಗಳು, ಕೊನೆಯ ತೀರ್ಮಾನ. ಇಷ್ಟರಲ್ಲೇ ನಿಮ್ಮ ಇಪ್ಪತ್ತರಲ್ಲಿ ಎಷ್ಟೋ ಪೇಪರ್ ಪಕ್ಕಕ್ಕೆ ಹೋಗುತ್ತವೆ. ಉಳಿದವನ್ನು ಒಂದು ಗಂಟೆ ಕೂತು, ಚಿತ್ರ ಮತ್ತು ಕೋಷ್ಟಕಗಳನ್ನು ಚೆನ್ನಾಗಿ ನೋಡುತ್ತಾ ಓದಿ. ಮೂರನೇ ಸಲದ ಆಳವಾದ ಓದು ತೀರಾ ಬೇಕಾದ ಎರಡು ಮೂರಕ್ಕೆ ಮಾತ್ರ.

ಈಗ ನೋಟ್ಸ್. ಪುಟ ತುಂಬಾ ಹಳದಿ ಬಳಿದರೆ ಅದು ನೋಟ್ಸ್ ಆಗಲ್ಲ. ಪೇಪರ್ ಮುಚ್ಚಿಡಿ, ಆಮೇಲೆ ಬರೆಯಿರಿ, ಅದೂ ಕನ್ನಡದಲ್ಲೇ. ಇಂಗ್ಲಿಷ್ ಸಾಲನ್ನು ಅರ್ಥವಾಗದೆಯೂ ನಕಲು ಮಾಡಬಹುದು, ಕನ್ನಡದಲ್ಲಿ ಹೇಳಬೇಕಾದರೆ ಅರ್ಥ ಆಗಿರಲೇಬೇಕು ಅಲ್ವಾ? ಹೀಗೆ ಬರೆದರೆ ಸಾಕು: "ಗಿಡದ ಸುಳಿ ಬಿಚ್ಚಿ ಹುಳು ಎಣಿಸಿದ್ದಾರೆ. ಮುಂಗಾರಲ್ಲಿ ಮಾತ್ರ. ಜಗಳೂರು ಕಡೆಯ ಮಳೆಯಾಶ್ರಿತ ಹೊಲಕ್ಕೆ ಇದು ಹೊಂದುತ್ತಾ?" ಕೊನೆಯ ಪ್ರಶ್ನೆ ನಿಮ್ಮದು, ಅದನ್ನು ಬೇರೆ ಬಣ್ಣದ ಪೆನ್ನಲ್ಲಿ ಬರೆಯಿರಿ. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಯಾವುದು ಅವರ ಮಾತು, ಯಾವುದು ನಿಮ್ಮದು ಅಂತಲೇ ತಿಳಿಯಲ್ಲ.

ನಿಮ್ಮ ವಿಷಯಕ್ಕೆ ಇನ್ನೊಂದು ಮಾತು. ಈ ಹುಳು ಭಾರತದಲ್ಲಿ ಮೊದಲು ಕಂಡಿದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲೇ. ಅದಕ್ಕಿಂತ ಹಿಂದಿನ ಪೇಪರ್‌ಗಳು ಹೇಳುವುದು ಹೊರದೇಶದ ಹೊಲಗಳ ಕಥೆ. ಹಾಗಾಗಿ ಯಾವ ಅಂಕಿ ಬರೆದುಕೊಂಡರೂ ಪಕ್ಕದಲ್ಲೇ ಊರು, ವರ್ಷ, ಹಂಗಾಮು, ಪುಟಸಂಖ್ಯೆ ಇರಲಿ. ನನ್ನ ಪಿಎಚ್‌ಡಿ ಕಾಲದಲ್ಲಿ ಒಂದು ಅಂಕಿ ಯಾವ ಪೇಪರಿನದು ಅಂತ ನಾಲ್ಕು ದಿನ ಹುಡುಕಿ, ಸಿಗದೆ, ಕೊನೆಗೆ ಆ ಪ್ಯಾರಾವನ್ನೇ ತೆಗೆದುಹಾಕಬೇಕಾಯಿತು, ಆ ಸಂಕಟ ನಿಮಗೆ ಬೇಡ. ಪೇಪರ್‌ಗಳನ್ನು ಜೋಡಿಸಿಡಲು ಜೊಟೆರೊ ಅನ್ನುವ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ.

ಸಂಖ್ಯಾಶಾಸ್ತ್ರದ ಭಾಗ ಅರ್ಥವಾಗದಿದ್ದರೆ ಅಲ್ಲೇ ನಿಂತು ಒದ್ದಾಡಬೇಡಿ. ಗುರುತು ಹಾಕಿ ಮುಂದೆ ಹೋಗಿ. ಗೈಡ್ ಹತ್ತಿರ ಹೋಗುವಾಗ ಓದಿದ ಪೇಪರ್‌ಗಳ ಪಟ್ಟಿ ಜೊತೆಗೆ ಆ ಬೇರೆ ಬಣ್ಣದ ಪ್ರಶ್ನೆಗಳನ್ನೂ ತಗೊಂಡು ಹೋಗಿ.