ಹೋಂಸ್ಟೇಗೆ ಲೈನ್, ಜನರೇಟರ್, ಇನ್ವರ್ಟರ್ ಮೂರಕ್ಕೂ ಚೇಂಜೋವರ್ ಸ್ವಿಚ್ (ಒಂದು ಕಡೆಯ ಕರೆಂಟಿನಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚ್) ಹಾಕಿಸಬೇಕು. ನಮ್ಮದು ತ್ರೀ ಫೇಸ್ ಲೈನ್, 7.5 ಕೆವಿಎ ಸಿಂಗಲ್ ಫೇಸ್ ಜನರೇಟರ್. ಆಟೋಮ್ಯಾಟಿಕ್ ಒಳ್ಳೆಯದೋ, ಕೈಯಲ್ಲಿ ತಿರುಗಿಸುವುದೋ? ಹಾಕಿಸಿದ್ದನ್ನು ಪರೀಕ್ಷೆ ಮಾಡುವುದು ಹೇಗೆ?

ಪ್ರಶ್ನೆಯ ಕೊನೆಯಲ್ಲಿ ನೀವು ಒಂದು ಸಾಲು ಬರೆದಿದ್ದೀರಿ: "ತ್ರೀ ಪೋಲ್ ಸಾಕು, ನ್ಯೂಟ್ರಲ್ ಎರಡನ್ನೂ ಒಂದೇ ಕಡೆ ಸೇರಿಸಿದ್ರಾಯ್ತು ಅಂತ ಎಲೆಕ್ಟ್ರಿಷಿಯನ್ ಹೇಳಿದ್ದಾರೆ." ನಿಜವಾದ ಪ್ರಶ್ನೆ ಇರುವುದು ಅಲ್ಲಿ. ತ್ರೀ ಪೋಲ್ ಸ್ವಿಚ್ ಮೂರು ಫೇಸ್ ವೈರನ್ನು ಮಾತ್ರ ಕಡಿಯುತ್ತೆ, ಫೋರ್ ಪೋಲ್ ಆದರೆ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರನ್ನೂ ಕಡಿಯುತ್ತೆ. ನಮ್ಮ ಮನೆಗೆ ಬಂದವನೂ ಇದನ್ನೇ ಹೇಳಿದ್ದ. "ನ್ಯೂಟ್ರಲ್ ಅಂದ್ರೆ ಏನೂ ಇಲ್ಲದ ವೈರ್ ಅಕ್ಕ, ಎಲ್ಲಿ ಕೊಟ್ರೂ ಒಂದೇ." ಫೋರ್ ಪೋಲ್ ಬೇಕಾದರೆ ಮಡಿಕೇರಿಗೆ ಹೋಗಿ ತರಬೇಕು, ತ್ರೀ ಪೋಲ್ ಅವನ ಬ್ಯಾಗಿನಲ್ಲೇ ಇತ್ತು. ಹೂಂ ಅಂದುಬಿಟ್ಟೆ. ಅದಕ್ಕೆ ಅತ್ತೆಯ ಹಸು ಹೋಯ್ತು.

ನಮ್ಮ ತೋಟ ನಾಪೋಕ್ಲು ಕಡೆ. ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಗೆ ಗಾಳಿ ಸೇರಿದರೆ ಎಲ್ಲಾದರೂ ಒಂದು ಸಿಲ್ವರ್ ಮರ ಲೈನ್ ಮೇಲೆ ಒರಗುತ್ತೆ, ಕರೆಂಟ್ ಹೋಗುತ್ತೆ. ಕೊಡಗಿನಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಮ್ಮ ಹಾಗೆಯೇ ನಮಗೂ ತ್ರೀ ಫೇಸ್ ಲೈನ್, ಸಿಂಗಲ್ ಫೇಸ್ ಜನರೇಟರ್. ಜನರೇಟರಿನ ಒಂದು ಫೇಸನ್ನು ಸ್ವಿಚ್ಚಿನ ಮೂರೂ ಪೋಲಿಗೆ ಲೂಪ್ ಮಾಡಿದ್ದ. ಅದರಲ್ಲಿ ತಪ್ಪಿಲ್ಲ. ಆದರೆ ಲೈನಿನ ನ್ಯೂಟ್ರಲ್, ಜನರೇಟರಿನ ನ್ಯೂಟ್ರಲ್, ಮನೆಯ ನ್ಯೂಟ್ರಲ್ ಮೂರೂ ಒಂದು ಹಿತ್ತಾಳೆ ಪಟ್ಟಿಯಲ್ಲಿ ಬಿಗಿಯಾಗಿ ಕೂತಿದ್ದವು. ಹಿಡಿಕೆಯನ್ನು ಎತ್ತ ತಿರುಗಿಸಿದರೂ ಆ ಪಟ್ಟಿಗೆ ಏನೂ ಆಗುತ್ತಿರಲಿಲ್ಲ. ಜನರೇಟರಿನ ನ್ಯೂಟ್ರಲನ್ನು ಅರ್ಥ್ ಮಾಡಬೇಕು, ಅಂದರೆ ಮಣ್ಣಿಗೆ ಸೇರಿಸಬೇಕು ಅಂತ ಅರ್ಥ್ ಗುಂಡಿಗೂ ಕಟ್ಟಿದ್ದ. ಅದು ಸರಿಯಾದ ಕೆಲಸವೇ. ಗುಂಡಿ ತೋಡಿದ್ದು ಮಾತ್ರ ಕೊಟ್ಟಿಗೆಯ ಪಕ್ಕ, ಗಂಜಲ ಹರಿಯುವ ಕಡೆ, ತೇವ ಇದ್ದರೆ ಅರ್ಥ್ ಚೆನ್ನಾಗಿ ಸಿಗುತ್ತೆ ಅಂತ.

ಆ ರಾತ್ರಿ ಮರ ಬಿದ್ದದ್ದು ಟ್ರಾನ್ಸ್‌ಫಾರ್ಮರಿಗೂ ನಮ್ಮ ಮನೆಗೂ ನಡುವಿನ ಲೈನ್ ಮೇಲೆ. ಎರಡು ಫೇಸ್ ಹರಿದು ಬಿದ್ದವು. ನ್ಯೂಟ್ರಲ್ ತಂತಿ ಟ್ರಾನ್ಸ್‌ಫಾರ್ಮರ್ ಕಡೆ ತುಂಡಾಗಿ, ನಮ್ಮ ಕಡೆಯ ತುಂಡು ಉಳಿದ ಒಂದು ಫೇಸಿಗೆ ಸುತ್ತಿಕೊಂಡಿತು. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಫೇಸಿನಲ್ಲೂ 230, ನ್ಯೂಟ್ರಲ್‌ನಲ್ಲೂ ಅದೇ 230. ಎರಡರ ನಡುವೆ ಸೊನ್ನೆ. ಹಾಗಾಗಿ ಬಲ್ಬು ಉರಿಯಲ್ಲ, ಮನೆ ಕತ್ತಲೆ. ಕತ್ತಲೆ ಅಂದರೆ ಕರೆಂಟ್ ಇಲ್ಲ ಅಂತ ನಾವು ತಿಳಿದ್ವಿ. ಸ್ವಿಚ್ ತಿರುಗಿಸಿ ಜನರೇಟರ್ ಹಾಕಿದ್ವಿ. ಲೈಟು, ಫ್ರಿಜ್ಜು, ಗೆಸ್ಟ್‌ಗಳ ಫೋನ್ ಚಾರ್ಜರ್ ಎಲ್ಲ ಸರಿಯಾಗಿ ಓಡಿದವು, ಯಾಕೆಂದರೆ ಅವಕ್ಕೆ ಬೇಕಾದ್ದು ಜನರೇಟರಿನ ಫೇಸಿಗೂ ನ್ಯೂಟ್ರಲ್‌ಗೂ ನಡುವಿನ ವೋಲ್ಟೇಜ್, ಅದು ಸರಿಯಾಗೇ ಇತ್ತು.

ಅದೇ ಹೊತ್ತಿಗೆ ಲೈನಿನಿಂದ ಬಂದ ಕರೆಂಟು ನ್ಯೂಟ್ರಲ್ ಪಟ್ಟಿಗೆ ಬಂದು, ಅಲ್ಲಿಂದ ಜನರೇಟರಿನ ನ್ಯೂಟ್ರಲ್ ಹಿಡಿದು ಗುಂಡಿಗೆ ಇಳಿಯುತ್ತಾ ಇತ್ತು. ಗುಂಡಿಯ ರೆಸಿಸ್ಟೆನ್ಸ್ 15 ಓಮ್ ಅಂತ ಇಟ್ಟುಕೊಳ್ಳಿ. 230ನ್ನು 15ರಿಂದ ಭಾಗಿಸಿದರೆ 15 ಆಂಪಿಯರ್ ಚಿಲ್ಲರೆ. ಟ್ರಾನ್ಸ್‌ಫಾರ್ಮರಿನ ಫ್ಯೂಸಿಗೆ ಅದು ಮಾಮೂಲಿ ಲೋಡ್, ಅದು ಯಾಕೆ ಹೋಗುತ್ತೆ? ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲಿಲ್ವಾ ಅಂತ ಕೇಳ್ತೀರಿ. ಇತ್ತು, 30 ಮಿಲಿಆಂಪಿಯರಿನದ್ದೇ. ಆದರೆ ಅದು ಕೂತಿದ್ದದ್ದು ಪಟ್ಟಿಯಿಂದ ಆಚೆ, ಮನೆಯೊಳಗಿನ ಡಿಬಿಯಲ್ಲಿ, ಅಂದರೆ ಕೋಣೆಗಳಿಗೆ ಕರೆಂಟ್ ಹಂಚುವ ಡಬ್ಬದಲ್ಲಿ. ತನ್ನ ಮೂಲಕ ಹೋಗಿ ಬರುವ ಕರೆಂಟಿನ ವ್ಯತ್ಯಾಸ ಮಾತ್ರ ಅದಕ್ಕೆ ಗೊತ್ತಾಗೋದು. ಬೆನ್ನ ಹಿಂದೆ ಹರಿದು ಹೋದದ್ದು ಅದರ ಲೆಕ್ಕಕ್ಕೇ ಬರಲ್ಲ.

ಮನೆಯ ಅರ್ಥ್ ವೈರ್ ಕೂಡ ಅದೇ ಗುಂಡಿಗೆ ಸೇರಿತ್ತು. ಅಡುಗೆಯವಳು "ಸಿಂಕ್ ಮುಟ್ಟಿದ್ರೆ ಜುಮ್ ಅಂತದೆ ಅಕ್ಕ" ಅಂದಳು. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದದ್ದಕ್ಕೆ ಜುಮ್ ಅಷ್ಟೇ. ಒದ್ದೆ ಕೈ ಇರಬೇಕು ಅಂದ್ಕೊಂಡೆ. ಕೊಟ್ಟಿಗೆಯಲ್ಲಿ ಚಪ್ಪಲಿ ಹಾಕಿದವರು ಯಾರೂ ಇಲ್ಲವಲ್ಲ. ಕರೆಂಟು ಮಣ್ಣಿಗೆ ಇಳಿಯುವಾಗ ಗುಂಡಿಯ ಸುತ್ತ ಗಜಕ್ಕೊಂದು ವೋಲ್ಟೇಜ್ ಇರುತ್ತೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ನಡುವೆ ಸಿಗೋದು ಹೃದಯ. ಬೆಳಿಗ್ಗೆ ಹಾಲು ಕರೆಯಲು ಹೊರಟ ಅತ್ತೆ ಉಳಿದದ್ದು, ಬಿದ್ದಿದ್ದ ಹಸುವನ್ನು ಕಂಡು ಹಿಂದಿನ ಬಾಗಿಲಲ್ಲೇ ನಿಂತು ಕೂಗಿದ್ದರಿಂದ. ನಮ್ಮ ತೋಟದ ಲೆಕ್ಕ ನೋಡುವ ರೈಟರು ಓಡಿಹೋಗಿ ಜನರೇಟರ್ ನಿಲ್ಲಿಸಿದರು. ನಿಲ್ಲಿಸಿದ ಮೇಲೂ ಟೆಸ್ಟರ್ ನ್ಯೂಟ್ರಲ್ ಪಟ್ಟಿ ಮೇಲೆ ಹೊಳೀತಾ ಇತ್ತು. ಲೈನ್‌ಮ್ಯಾನ್ ಬಂದು ಕಂಬದಲ್ಲಿ ನಮ್ಮ ಸರ್ವೀಸ್ ವೈರ್ ಬಿಚ್ಚಿದ ಮೇಲೆ ಆರಿತು.

ಆ ಲೈನ್‌ಮ್ಯಾನ್ ನನ್ನನ್ನು ಬೈದ, ಬೈಯಬೇಕಾದ್ದೇ. ಕಂಬ ಹತ್ತುವವರ ಭಯ ಬೇರೆ. ಸ್ವಿಚ್ಚೇ ಇಲ್ಲದೆ ಜನರೇಟರ್ ವೈರನ್ನು ಮನೆಯ ಸಾಕೆಟ್ಟಿಗೆ ಚುಚ್ಚುವವರು ಇವತ್ತಿಗೂ ಇದ್ದಾರೆ. ಆ ಕರೆಂಟು ಹಿಮ್ಮುಖ ಹೋದರೆ 11 ಸಾವಿರ ವೋಲ್ಟನ್ನು 433ಕ್ಕೆ ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್ ನಮ್ಮ 230ನ್ನು ಮತ್ತೆ ಸಾವಿರಗಟ್ಟಲೆ ವೋಲ್ಟಿಗೆ ಏರಿಸುತ್ತೆ. ಲೈನ್ ಸತ್ತಿದೆ ಅಂತ ಕಂಬ ಹತ್ತಿದವನ ಗತಿ ಏನು?

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಫೋರ್ ಪೋಲ್ ತನ್ನಿ. ಸಿಂಗಲ್ ಫೇಸ್ ಮನೆಯಾದರೆ ಡಬಲ್ ಪೋಲ್. ನಡುವೆ ಯಾವುದನ್ನೂ ಹಿಡಿಯದ ಸೊನ್ನೆ ಸ್ಥಾನ ಇರುವ, ಒಂದು ಬಿಟ್ಟ ಮೇಲೇ ಇನ್ನೊಂದನ್ನು ಹಿಡಿಯುವ ಸ್ವಿಚ್. ನಿಮ್ಮ 7.5 ಕೆವಿಎ ಜನರೇಟರ್ ಹೆಚ್ಚೆಂದರೆ 33 ಆಂಪಿಯರ್ ಕೊಡುತ್ತೆ. 40 ಆಂಪಿಯರಿನ ಸ್ವಿಚ್ ಸಾಕಾಗುತ್ತೆ, ನಾನಾದರೆ 63 ಹಾಕ್ತೀನಿ. ನೌಕಾಪಡೆಯಲ್ಲಿದ್ದ ನಮ್ಮ ಭಾವ ಹೇಳೋ ಪ್ರಕಾರ ದೋಣಿಗಳಲ್ಲೂ ದಡದ ಕರೆಂಟಿಗೂ ಒಳಗಿನ ಜನರೇಟರಿಗೂ ಇದೇ ನಿಯಮ: ಫೇಸ್, ನ್ಯೂಟ್ರಲ್ ಎರಡೂ ಕಡಿಯಬೇಕು, ನ್ಯೂಟ್ರಲ್‌ಗೂ ಅರ್ಥಿಗೂ ಗಂಟು ಕರೆಂಟು ಹುಟ್ಟುವ ಜಾಗದಲ್ಲಿ ಮಾತ್ರ. ಅಂದರೆ ಜನರೇಟರಿನದ್ದು ಜನರೇಟರಿನಲ್ಲಿ, ಲೈನಿನದ್ದು ಟ್ರಾನ್ಸ್‌ಫಾರ್ಮರಿನಲ್ಲಿ. ಮನೆಯ ಡಿಬಿಯಲ್ಲಿ ಯಾರೂ ಆ ಗಂಟು ಹಾಕಕೂಡದು.

ಇನ್ವರ್ಟರನ್ನು ಈ ಸ್ವಿಚ್ಚಿಗೆ ತರಲೇಬೇಡಿ, ಮೂರು ದಾರಿಯ ಸ್ವಿಚ್ ಆಲೋಚನೆ ಬಿಡಿ. ಮನೆಯ ಇನ್ವರ್ಟರ್ ಲೈನಿನಿಂದ ಬ್ಯಾಟರಿಗೆ ತಾನೇ ಬದಲಾಗುತ್ತೆ. ಅದರ ಇನ್‌ಪುಟ್ ಚೇಂಜೋವರ್ ಆದ ಮೇಲಿನ ಡಿಬಿಯಿಂದ ಬರಲಿ, ಅದರ ಲೈಟು ಫ್ಯಾನುಗಳಿಗೆ ಬೇರೆ ಫೇಸ್ ವೈರ್, ಬೇರೆ ನ್ಯೂಟ್ರಲ್ ವೈರ್. ಸ್ವಿಚ್ಚಿನ ಮೂರನೇ ದಾರಿಗೆ ಕೊಟ್ಟರೆ ಇನ್ವರ್ಟರ್ ತನ್ನ ಚಾರ್ಜರಿಗೆ ತಾನೇ ಕರೆಂಟ್ ಕೊಡುತ್ತಾ ಬ್ಯಾಟರಿ ಬರಿದು ಮಾಡುತ್ತೆ.

ಆಟೋಮ್ಯಾಟಿಕ್? ಬೇಡ. ಗೆಸ್ಟ್‌ಗಳಿಗೆ ಕರೆಂಟ್ ಹೋದದ್ದೇ ಗೊತ್ತಾಗಬಾರದು ಅಂತ ಬರೆದಿದ್ದೀರಿ. ಯಾಕೆ ಗೊತ್ತಾಗಬಾರದು? ಜುಲೈನಲ್ಲಿ ಕೊಡಗಿಗೆ ಬರುವವರು ಮಳೆ ನೋಡೋಕೇ ಬರ್ತಾರೆ, ಐದು ನಿಮಿಷ ಮೇಣದಬತ್ತಿ ಹಚ್ಚಿ ಕೂರಲಿ. ಕೈಯಲ್ಲಿ ತಿರುಗಿಸುವ ಸ್ವಿಚ್ಚಿಗೆ ಒಬ್ಬ ಮನುಷ್ಯ ಟಾರ್ಚ್ ಹಿಡಿದು ಹೋಗಬೇಕು, ಹೋದವನು ಸುತ್ತ ಒಮ್ಮೆ ನೋಡ್ತಾನೆ.

ಪರೀಕ್ಷೆ ಹೇಗೆ ಅಂತ ಕೇಳಿದ್ದಕ್ಕೆ: ಮೊದಲ ಪರೀಕ್ಷೆ ಸ್ವಿಚ್ ಇನ್ನೂ ಮೇಜಿನ ಮೇಲಿರುವಾಗ, ಒಂದು ವೈರೂ ಹಾಕುವ ಮುಂಚೆ. ಮಲ್ಟಿಮೀಟರನ್ನು ಬೀಪ್‌ನಲ್ಲಿಟ್ಟು ಒಂದು, ಸೊನ್ನೆ, ಎರಡು ಮೂರೂ ಸ್ಥಾನದಲ್ಲಿ ನೋಡಿ. ಲೈನ್ ಕಡೆಯ ಯಾವ ಟರ್ಮಿನಲ್ಲೂ ಜನರೇಟರ್ ಕಡೆಯದ್ದಕ್ಕೆ ಯಾವತ್ತೂ ಬೀಪ್ ಅನ್ನಬಾರದು, ನ್ಯೂಟ್ರಲ್ ಸೇರಿ. ವೈರ್ ಹಾಕಿದ ಮೇಲೆ ಎರಡೂ ನ್ಯೂಟ್ರಲ್ ಮಣ್ಣಿನ ಮೂಲಕ ಒಂದಾಗಿ ಮೀಟರ್ ಸುಳ್ಳು ಹೇಳಬಹುದು. ವೈರಿಂಗ್ ಆದ ಮೇಲೆ, ಟಿವಿ ಫ್ರಿಜ್ಜು ಎಲ್ಲ ಕಿತ್ತು, ವೈರಿನ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಕನಿಷ್ಠ 1 ಮೆಗಾಓಮ್ ಬರಬೇಕು. ಆಮೇಲೆ ಮೇನ್ ಇಳಿಸಿ, ಜನರೇಟರ್ ಹಾಕಿ, ಲೈನ್ ಕಡೆಯ ಟರ್ಮಿನಲ್‌ಗಳಲ್ಲಿ ಅಳೆಯಿರಿ. ಅಲ್ಲಿ ವೋಲ್ಟೇಜ್ ಇರಬಾರದು. ಡಿಜಿಟಲ್ ಮೀಟರ್ ಉದ್ದ ವೈರಿನಲ್ಲಿ 40, 60 ಅಂತ ಭೂತದ ವೋಲ್ಟೇಜ್ ತೋರಿಸುತ್ತೆ. ಹೋಲ್ಡರಿನಲ್ಲಿ 60 ವಾಟಿನ ಹಳೇ ಕಾಲದ ಫಿಲಮೆಂಟ್ ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪ್ ಕೊಡಿ, ಭೂತವಾದರೆ ಅಲ್ಲೇ ಮಾಯ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ತೃಪ್ತಿಪಡಬೇಡಿ. ಆ ಬಟನ್‌ಗೆ ಅರ್ಥೇ ಬೇಡ, ಅದು ಒಳಗೊಳಗೇ ಫೇಸಿಗೂ ನ್ಯೂಟ್ರಲ್‌ಗೂ ಸಣ್ಣ ಕರೆಂಟ್ ಹರಿಸಿ ಟ್ರಿಪ್ ಮಾಡುತ್ತೆ. ಜನರೇಟರಿನ ನ್ಯೂಟ್ರಲ್ ಅರ್ಥ್ ಆಗಿದೆಯೋ ಇಲ್ಲವೋ ಅದರಿಂದ ತಿಳಿಯಲ್ಲ. ಜನರೇಟರ್ ಮೇಲಿರುವಾಗ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಅದೇ ಬಲ್ಬನ್ನು ಸಾಕೆಟ್ಟಿನ ಫೇಸಿಗೂ ಅರ್ಥಿಗೂ ಹಿಡಿಸಿ. ಟಕ್ ಅಂತ ಟ್ರಿಪ್ ಆಗಬೇಕು. ಆಗದಿದ್ದರೆ ನ್ಯೂಟ್ರಲ್ ಅರ್ಥಿಗೆ ಸೇರದೆ ತೇಲ್ತಾ ಇದೆ, ಇಲ್ಲವೇ ಸಾಕೆಟ್ಟಿನ ಅರ್ಥ್ ತುಂಡಾಗಿದೆ ಅಂತ ಲೆಕ್ಕ, ಗೀಸರ್ ಲೀಕ್ ಆದರೂ ಆರ್‌ಸಿಸಿಬಿ ಸುಮ್ಮನಿರುತ್ತೆ. ಕೊನೆಗೆ ಒಂದು ಗಂಟೆ ಪೂರ್ತಿ ಲೋಡ್ ಕೊಟ್ಟು ನಿಲ್ಲಿಸಿ, ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿಸಿ.

ಅರ್ಥ್ ಗುಂಡಿ ಕೊಟ್ಟಿಗೆಯಿಂದ, ಬಟ್ಟೆ ಒಗೆಯುವ ಕಲ್ಲಿನಿಂದ ದೂರ ಇರಲಿ. ತ್ರೀ ಪೋಲ್ ಸ್ವಿಚ್ಚಿನ ಡಬ್ಬ ಇನ್ನೂ ಒಡೆದಿಲ್ಲ ಅಂತ ಬರೆದಿದ್ದೀರಲ್ಲ, ಬಿಲ್ ಹಿಡ್ಕೊಂಡು ಹೋಗಿ, ಹೆಚ್ಚಿನ ದುಡ್ಡು ಕೊಟ್ಟರೆ ಅಂಗಡಿಯವರು ಬದಲಿಸಿ ಕೊಡ್ತಾರೆ.