ಟೂಲ್ ಪೆಟ್ಟಿಗೆ: ಬ್ಯಾಟರಿ ಇಷ್ಟು ಬೇಗ ಯಾಕೆ ಇಳಿಯುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ಯಾಟರಿ ಗೋಳಿನವೇ. ಡ್ರಿಲ್ ಬಗ್ಗೆ ಕೇಳಿದವರೂ ಕೊನೆಗೆ ಬ್ಯಾಟರಿಗೇ ಬಂದು ನಿಂತಿದ್ದಾರೆ. ಅದಕ್ಕೆ ಬೇರೆಲ್ಲ ಪಕ್ಕಕ್ಕಿಟ್ಟು, ವೈರ್ ಇಲ್ಲದ ಟೂಲ್‌ಗಳ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇನೆ.

ಅಕ್ಕಾ, ನನ್ನ ಹತ್ತಿರ 18 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿ ಇದೆ. ಇಂಪ್ಯಾಕ್ಟ್ ಡ್ರೈವರ್‌ಗೆ ಹಾಕಿದರೆ ಅರ್ಧ ದಿನ ಓಡುತ್ತದೆ. ಅದನ್ನೇ ಗ್ರೈಂಡರ್‌ಗೆ ಹಾಕಿದರೆ ನಾಲ್ಕು ಕಬ್ಬಿಣದ ಆಂಗಲ್ ಕತ್ತರಿಸುವಷ್ಟರಲ್ಲಿ ಖಾಲಿ. ಹಾಳಾಗಿರುವುದು ಬ್ಯಾಟರಿಯಾ, ಗ್ರೈಂಡರಾ?
– ಫ್ಯಾಬ್ರಿಕೇಷನ್ ಕೆಲಸದವರು

ನೀವು ಹೇಳಿದ್ದನ್ನು ನೋಡಿದರೆ ಎರಡೂ ಚೆನ್ನಾಗಿಯೇ ಇವೆ. ಸ್ವಲ್ಪ ಲೆಕ್ಕ ಹಾಕೋಣ. 18 ವೋಲ್ಟನ್ನು 5ರಿಂದ ಗುಣಿಸಿ, 90 ಬರುತ್ತದೆ. ಆ ಪ್ಯಾಕಿನಲ್ಲಿರುವುದು 90 ವ್ಯಾಟ್ ಅವರ್, ಅಂದರೆ 90 ವ್ಯಾಟ್ ಎಳೆದರೆ ಒಂದು ಗಂಟೆ ಬರುವಷ್ಟು, ಅಷ್ಟೇ. ಸ್ಕ್ರೂ ಹಾಕುವಾಗ ಡ್ರೈವರ್ 300 ವ್ಯಾಟ್ ಎಳೆಯುತ್ತದೆ, ಒಂದು ಸ್ಕ್ರೂಗೆ ಮೂರು ಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳಿ. ಒಂದಕ್ಕೆ ಕಾಲು ವ್ಯಾಟ್ ಅವರ್ ಆಯಿತು. ಲೆಕ್ಕದ ಪ್ರಕಾರ 360 ಸ್ಕ್ರೂ. ನಡುವೆ ನೀವು ಅಳತೆ ಮಾಡುತ್ತೀರಿ, ಏಣಿ ಹತ್ತುತ್ತೀರಿ, ಫೋನ್ ನೋಡುತ್ತೀರಿ. ಅಷ್ಟು ಹೊತ್ತೂ ಬ್ಯಾಟರಿಗೆ ರಜೆ.

ಗ್ರೈಂಡರ್‌ಗೆ ರಜೆ ಇಲ್ಲ. ಆಂಗಲ್‌ಗೆ ಡಿಸ್ಕ್ ಒತ್ತಿ ಹಿಡಿದಾಗ ಅದು 700 ವ್ಯಾಟ್ ಎಳೆದರೆ ಆಶ್ಚರ್ಯ ಇಲ್ಲ. 90 ವ್ಯಾಟ್ ಅವರ್ ಆ ಲೋಡಿಗೆ ಎಂಟು ನಿಮಿಷವೂ ಬರುವುದಿಲ್ಲ.

ಇನ್ನೊಂದು ವಿಷಯ ಇದೆ, ಅಸಲು ತಾಪತ್ರಯ ಅಲ್ಲೇ. 18 ವೋಲ್ಟಿನಲ್ಲಿ 700 ವ್ಯಾಟ್ ಅಂದರೆ ಸುಮಾರು 39 ಆಂಪಿಯರ್. ನಿಮ್ಮ 5 ಆಂಪಿಯರ್ ಅವರ್ ಪ್ಯಾಕಿನಲ್ಲಿ ಸಾಮಾನ್ಯವಾಗಿ ಹತ್ತು ಸೆಲ್ ಇರುತ್ತವೆ. ಎರಡೆರಡು ಸೆಲ್ ಸೇರಿ ಒಂದು ಜೋಡಿ, ಅಂಥ ಐದು ಜೋಡಿ ಸಾಲಾಗಿ. ಜೋಡಿಯ ಎರಡೂ ಸೆಲ್ ಕರೆಂಟನ್ನು ಹಂಚಿಕೊಳ್ಳುತ್ತವೆ. ಹಾಗಾಗಿ ಒಂದೊಂದು ಸೆಲ್ ಮೇಲೆ ಸುಮಾರು 20 ಆಂಪಿಯರ್ ಬೀಳುತ್ತದೆ. ಐದೇ ಸೆಲ್ ಇರುವ 2 ಆಂಪಿಯರ್ ಅವರ್ ಚಿಕ್ಕ ಪ್ಯಾಕ್ ಹಾಕಿದರೆ ಪೂರ್ತಿ 39 ಆಂಪಿಯರ್ ಒಂದೊಂದರ ತಲೆ ಮೇಲೆ. ಕರೆಂಟ್ ಎರಡು ಪಟ್ಟಾದರೆ ಸೆಲ್ ಒಳಗಿನ ಬಿಸಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಆ ಬಿಸಿ ಎಲ್ಲಾ ನಿಮ್ಮ ಚಾರ್ಜ್ ಸುಟ್ಟು ಬಂದಿದ್ದೇ. ಇದರ ಜೊತೆ ವೋಲ್ಟೇಜ್ ಕುಸಿದು, ಸೆಲ್‌ನಲ್ಲಿ ಇನ್ನೂ ಚಾರ್ಜ್ ಇರುವಾಗಲೇ ಟೂಲ್ ಕೈ ಎತ್ತುತ್ತದೆ. ಅದಕ್ಕೇ ಗ್ರೈಂಡರ್‌ಗೆ, ಸರ್ಕ್ಯುಲರ್ ಗರಗಸಕ್ಕೆ ದೊಡ್ಡ ಪ್ಯಾಕ್ ಇಡಿ. ಚಿಕ್ಕದು ಡ್ರೈವರ್‌ಗೆ ಇರಲಿ. ತಲೆ ಮೇಲೆ ಕೈ ಎತ್ತಿ ಕೆಲಸ ಮಾಡುವಾಗ ಅದು ಹಗುರ ಬೇರೆ.

ಖರ್ಚಿಲ್ಲದ ಉಪಾಯವೂ ಇದೆ. ಕತ್ತರಿಸುವುದಕ್ಕೆ 3 ಮಿಲಿಮೀಟರ್ ಡಿಸ್ಕ್ ಬಿಟ್ಟು 1 ಮಿಲಿಮೀಟರಿನದು ಹಾಕಿ. ಮೂರನೇ ಒಂದು ಪಾಲು ಕಬ್ಬಿಣ ಮಾತ್ರ ಪುಡಿಯಾಗಬೇಕು, ಅಷ್ಟು ಕೆಲಸ ಉಳಿಯಿತು. ಆದರೆ ತೆಳು ಡಿಸ್ಕನ್ನು ಅಡ್ಡ ತಿರುಚಬೇಡಿ, ಅದರಲ್ಲಿ ಉಜ್ಜಲೂಬೇಡಿ, ಒಡೆದು ಮುಖಕ್ಕೆ ಬರುತ್ತದೆ. ಗಾರ್ಡ್ ಬಿಚ್ಚಿದ ಗ್ರೈಂಡರ್ ರಿಪೇರಿಗೆ ಬಂದರೆ, ಗಾರ್ಡ್ ತರುವವರೆಗೂ ನಾನು ಅದನ್ನು ವಾಪಸ್ ಕೊಡುವುದಿಲ್ಲ. ಬೈದುಕೊಳ್ಳುವವರು ಬೈದುಕೊಳ್ಳಲಿ. ಇನ್ನು ಡಿಸ್ಕಿನ ವೇಗ ಬೀಳುವಷ್ಟು ಒತ್ತುವುದನ್ನು ಬಿಡಿ. ಮೋಟಾರ್ ಸದ್ದು ದಪ್ಪವಾಯಿತೆಂದರೆ ನೀವು ಕತ್ತರಿಸುತ್ತಿಲ್ಲ, ಬ್ಯಾಟರಿ ಸುಡುತ್ತಿದ್ದೀರಿ.

ನಮ್ಮ ಮೇಸ್ತ್ರಿ, ಬ್ಯಾಟರಿ ಪೂರ್ತಿ ಖಾಲಿಯಾಗುವ ತನಕ ಚಾರ್ಜ್‌ಗೆ ಹಾಕಬಾರದು ಅನ್ನುತ್ತಾರೆ. ಹಾಗೇ ಮಾಡುತ್ತಿದ್ದೇವೆ. ಆದರೆ ಮಧ್ಯಾಹ್ನ ಚಾರ್ಜರ್‌ಗೆ ಹಾಕಿದರೆ ಕೆಂಪು ದೀಪ ಮಿಣುಕುತ್ತದೆ, ಚಾರ್ಜೇ ಆಗುವುದಿಲ್ಲ. ಚಾರ್ಜರ್ ಬದಲಿಸಬೇಕಾ?
– ಮರಗೆಲಸದ ತಂಡ

ಮೇಸ್ತ್ರಿಯವರು ಹೇಳುವುದು ಹಳೇ ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲಿ ತಂದ ವೈರ್ ಇಲ್ಲದ ಡ್ರಿಲ್‌ನಲ್ಲಿ ಇದ್ದದ್ದು ಆ ಜಾತಿಯ ಬ್ಯಾಟರಿ. 2005ರಲ್ಲಿ ಮಿಲ್ವಾಕಿ ಕಂಪನಿ 28 ವೋಲ್ಟಿನ ಲಿಥಿಯಂ ಟೂಲ್ ತಂದಿತು, ಆಮೇಲೆ ಬೇರೆಯವರೂ ಅದೇ ದಾರಿ ಹಿಡಿದರು. ಲಿಥಿಯಂಗೆ ಪೂರ್ತಿ ಖಾಲಿಯಾಗುವುದೇ ಕೆಟ್ಟದ್ದು. ಟೂಲ್ ಸೊರಗಿತು ಅನ್ನಿಸಿದ ತಕ್ಷಣ ತೆಗೆಯಿರಿ. ಅರ್ಧ ಇದ್ದಾಗ ಚಾರ್ಜ್‌ಗೆ ಹಾಕಿದರೂ ಅದಕ್ಕೇನೂ ಆಗುವುದಿಲ್ಲ.

ಕೆಂಪು ದೀಪದ ಅರ್ಥ ತಿಳಿಯಲು ಚಾರ್ಜರ್ ಮೇಲಿನ ಚಿತ್ರ ನೋಡಿ. ನಿಮ್ಮ ಕಥೆ ಕೇಳಿದರೆ ಪ್ಯಾಕ್ ಬಿಸಿಯಾಗಿದೆ, ಅದಕ್ಕೆ ಚಾರ್ಜರ್ ಒಪ್ಪುತ್ತಿಲ್ಲ ಅನ್ನಿಸುತ್ತದೆ. ಈ ಸೆಲ್‌ಗಳನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಒಳಗೆ ಚಾರ್ಜ್ ಮಾಡಬೇಕು. ಗರಗಸದಿಂದ ತೆಗೆದ ಪ್ಯಾಕ್, ಬಿಸಿಲಲ್ಲಿದ್ದ ಟೂಲ್ ಪೆಟ್ಟಿಗೆ, ಗಾಳಿಯಾಡದ ಮೂಲೆಯ ಚಾರ್ಜರ್, ಇಷ್ಟು ಸೇರಿದರೆ ಆ ಗಡಿ ಸುಲಭವಾಗಿ ದಾಟುತ್ತದೆ. ನೆರಳಲ್ಲಿಟ್ಟು ತಣಿಯಲು ಬಿಡಿ. ಒದ್ದೆ ಬಟ್ಟೆ ಸುತ್ತಬೇಡಿ, ನೀರಂತೂ ಬೇಡವೇ ಬೇಡ.

ಚಾರ್ಜರ್ ಬದಲಿಸುವ ದುಡ್ಡಿನಲ್ಲಿ ಇನ್ನೊಂದು ಪ್ಯಾಕ್ ತೆಗೆದುಕೊಳ್ಳಿ. ಒಂದು ಟೂಲ್‌ನಲ್ಲಿ, ಒಂದು ತಣಿಯುತ್ತಾ, ಒಂದು ಚಾರ್ಜರ್‌ನಲ್ಲಿ. ಮೂರು ಪ್ಯಾಕ್ ಹೀಗೆ ಸುತ್ತುತ್ತಿದ್ದರೆ ಕೆಲಸವೂ ನಿಲ್ಲುವುದಿಲ್ಲ, ಯಾವುದನ್ನೂ ಬಿಸಿಬಿಸಿಯಾಗಿ ಚಾರ್ಜ್‌ಗೆ ತುರುಕಬೇಕಾಗಿಲ್ಲ. ಚಾರ್ಜರ್ ಎಷ್ಟು ಆಂಪಿಯರ್ ಕೊಡುತ್ತದೆ ಅಂತಲೂ ನೋಡಿ. 2.5 ಆಂಪಿಯರಿನದಾದರೆ 5 ಆಂಪಿಯರ್ ಅವರ್ ಪ್ಯಾಕಿಗೆ ಎರಡು ಗಂಟೆ ಮೇಲೇ ಬೇಕು. ಚಾರ್ಜರನ್ನು ಗರಗಸ ಹೊಡೆಯುವ ಜಾಗದಿಂದ ದೂರ ಇಡಿ. ನನ್ನ ಹತ್ತಿರ ಬರುವ ಚಾರ್ಜರ್‌ಗಳನ್ನು ಬಿಚ್ಚಿದರೆ ಒಳಗೆ ಫ್ಯಾನ್ ಕಾಣುವುದಿಲ್ಲ, ಮರದ ಪುಡಿಯೇ ಕಾಣುತ್ತದೆ.

ಒಂದರ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ 20 ವೋಲ್ಟ್ ಮ್ಯಾಕ್ಸ್, ಮತ್ತೊಂದರ ಮೇಲೆ 88 ವಿಎಫ್, 12 ಆಂಪಿಯರ್ ಅವರ್ ಅಂತ ಬರೆದಿದೆ. ಕೊನೆಯದೇ ಎಲ್ಲಕ್ಕಿಂತ ಅಗ್ಗ! ಯಾವುದು ಜಾಸ್ತಿ ಪವರ್?
– ಹೊಸದಾಗಿ ಟೂಲ್ ಕೊಳ್ಳುವವರು

ಮೊದಲಿನ ಎರಡೂ ಒಂದೇ. ಐದು ಸೆಲ್, ಒಂದೊಂದಕ್ಕೆ 3.6 ವೋಲ್ಟ್, ಒಟ್ಟು 18. ಚಾರ್ಜರ್‌ನಿಂದ ಈಗಷ್ಟೇ ತೆಗೆದಾಗ ಅವೇ ಸೆಲ್ 4.2 ವೋಲ್ಟ್ ಹತ್ತಿರ ಇರುತ್ತವೆ, ಆಗ 20 ದಾಟಿ ತೋರಿಸುತ್ತದೆ. 88 ವಿಎಫ್ ಅನ್ನುವುದು ವೋಲ್ಟೇಜೇ ಅಲ್ಲ, ಸುಮ್ನೆ ಬರೆದ ನಂಬರ್. ಮೀಟರ್ ಇಟ್ಟು ನೋಡಿ, 21ರ ಆಸುಪಾಸಿನಲ್ಲಿ ನಿಲ್ಲುತ್ತದೆ.

12 ಆಂಪಿಯರ್ ಅವರ್ ಸುಳ್ಳು ಹಿಡಿಯಲು ತಕ್ಕಡಿ ಸಾಕು. 18650 ಅನ್ನುವ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ತೂಕ 45 ಗ್ರಾಂ ಮೇಲೆ. ಅಂಥವು ಹತ್ತು ಸೇರಿಸಿ, ಒಳ್ಳೆಯವನ್ನೇ ಹಾಕಿದರೂ 7 ಆಂಪಿಯರ್ ಅವರ್ ಆಸುಪಾಸಿಗೇ ಮುಗಿಯಿತು. ಪ್ಯಾಕಿನ ಒಟ್ಟು ತೂಕವೇ 450 ಗ್ರಾಂ ಇಲ್ಲ ಅಂದರೆ ಒಳಗೆ ಹತ್ತು ಸೆಲ್ ಇಲ್ಲವೇ ಇಲ್ಲ. ಡಬ್ಬ ಮಾತ್ರ ದೊಡ್ಡದು.

ಬ್ಯಾಟರಿ ಮೇಲೆ ಚಾರ್ಜ್ ತೋರಿಸುವ ದೀಪದ ಎರಡು ಕಡ್ಡಿ ಉರಿಯುತ್ತಿರುತ್ತದೆ, ಕಾಂಕ್ರೀಟಿಗೆ ಇಟ್ಟ ಕೂಡಲೇ ಹ್ಯಾಮರ್ ಡ್ರಿಲ್ ನಿಂತುಹೋಗುತ್ತದೆ.
– ಪ್ಲಂಬಿಂಗ್ ಕೆಲಸದವರು

ಕಡ್ಡಿಗಳು ಸಾಮಾನ್ಯವಾಗಿ ತೋರಿಸುವುದು ಸುಮ್ಮನಿದ್ದಾಗಿನ ವೋಲ್ಟೇಜ್. ಲೋಡ್ ಬಿದ್ದಾಗ ಏನಾಗುತ್ತದೆ ಅಂತ ಅವು ಹೇಳುವುದಿಲ್ಲ. ಮೊದಲು ಬಿಟ್ ಸವೆದಿದೆಯಾ ನೋಡಿ, ಬೇರೆ ಪ್ಯಾಕ್ ಹಾಕಿ ನೋಡಿ. ಬೇರೆ ಪ್ಯಾಕಿನಲ್ಲಿ ಸರಿಯಾಗಿ ಓಡಿದರೆ, ಹಳೆಯದರಲ್ಲಿ ಒಂದು ಸೆಲ್ ಸೋತಿರಬಹುದು. ಸಾಲಿನಲ್ಲಿ ಒಂದು ಕೈಕೊಟ್ಟರೆ ಪೂರ್ತಿ ಪ್ಯಾಕ್ ಕೈಕೊಟ್ಟ ಹಾಗೆ. ಅದೊಂದನ್ನೇ ಬದಲಿಸಿಕೊಡಿ ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾಡುವುದಿಲ್ಲ. ಹೊಸ ಸೆಲ್ ಹಳೆಯವುಗಳ ಜೊತೆ ಸಮ ಓಡುವುದಿಲ್ಲ, ಸೋಲ್ಡರಿಂಗ್ ಬಿಸಿಗೆ ಸೆಲ್ ಒಳಗೆ ಏನಾಯಿತೋ ಹೊರಗಿನಿಂದ ಕಾಣುವುದಿಲ್ಲ.

ವೈರ್ ಇರುವ ಹಳೇ ಟೂಲ್‌ಗಳನ್ನೆಲ್ಲ ಮಾರಿಬಿಡಲಾ?

ಬೇಡ. ದಿನವಿಡೀ ಗೋಡೆ ಒಡೆಯುವುದು, ಗಾರೆ ಕಲಸುವುದು, ಕೋರ್ ಕಟಿಂಗ್, ಇವಕ್ಕೆಲ್ಲ ವೈರೇ ಸರಿ.

ಒಂದು ಕಂಪನಿ ಬ್ಯಾಟರಿಯನ್ನು ಇನ್ನೊಂದರ ಟೂಲ್‌ಗೆ ಹಾಕುವ ಅಡಾಪ್ಟರ್ ಸಿಗುತ್ತದಲ್ವಾ, ತೆಗೆದುಕೊಳ್ಳಬಹುದಾ?
– ಎಲೆಕ್ಟ್ರಿಷಿಯನ್

ಹಾಕಿದರೆ ಓಡುತ್ತದೆ, ಅದೇ ಅದರ ಮೋಸ. ಚಾರ್ಜ್ ತೀರಾ ಇಳಿದಾಗ ನಿಲ್ಲಿಸುವ ಸರ್ಕ್ಯೂಟನ್ನು ಕೆಲವು ಕಂಪನಿಗಳು ಪ್ಯಾಕಿನಲ್ಲಿ ಇಡುತ್ತವೆ, ಕೆಲವು ಟೂಲ್‌ನಲ್ಲಿ ಇಡುತ್ತವೆ. ಟೂಲ್‌ನಲ್ಲಿ ಇಡುವವರ ಪ್ಯಾಕನ್ನು ಬೇರೆಯವರ ಟೂಲ್‌ಗೆ ಸಿಕ್ಕಿಸಿದರೆ ನಿಲ್ಲಿಸುವವರು ಯಾರೂ ಇಲ್ಲ. ಲೈಟು, ಫ್ಯಾನ್ ಹಚ್ಚಿಟ್ಟು ರಾತ್ರಿ ಮರೆತರಂತೂ ಬೆಳಿಗ್ಗೆ ಅದು ಚಾರ್ಜ್‌ಗೂ ಬರುವುದಿಲ್ಲ. ಹಾಕಲೇಬೇಕು ಅಂದರೆ ಕೆಲಸ ಮುಗಿದ ತಕ್ಷಣ ಪ್ಯಾಕ್ ಬಿಚ್ಚಿಡಿ. ಗ್ರೈಂಡರ್‌ಗೆ ಮಾತ್ರ ಅಡಾಪ್ಟರ್ ಬೇಡ, ಅಷ್ಟು ಆಂಪಿಯರ್‌ಗೆ ಅದರ ಸಣ್ಣ ತಗಡುಗಳು ಕಾದು ಸುತ್ತಲಿನ ಪ್ಲಾಸ್ಟಿಕ್ ಕರಗಬಹುದು.